ಭೇದಿ ಮಿಷನ್ನಿನ ಆಯುಧಪೂಜೆ

ಹರಳೆಣ್ಣೆಯ ಬಗ್ಗೆ ನನಗಿರುವ ಅಸಹ್ಯ ಇಂದು ನಿನ್ನೆಯದಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಕೆಲವು ತಿಂಗಳಿಗೊಮ್ಮೆ ಮಕ್ಕಳ ಹೊಟ್ಟೆಯನ್ನು ಶುದ್ಧಿ ಮಾಡುವ ಕರ್ಮವೊಂದಿತ್ತು. ಅಂದು ಬೆಳಗ್ಗೆ ನಮ್ಮನ್ನೆಲ್ಲ ಹಿತ್ತಿಲ ಕಟ್ಟೆಯ ಮೇಲೆ ವಯಸ್ಸಿನ ಪ್ರಕಾರ ಕೂರಿಸಿ, ಮೂಗು ಹಿಡಿದು, ಬೆಳ್ಳಿಯ ಒಳಲೆಯಲ್ಲಿ ಹರಳೆಣ್ಣೆ ಹೊಯ್ಯುತ್ತಿದ್ದರು. ಬೆಳ್ಳಿಯ ಒಳಲೆ ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಶಿಕ್ಷೆಗೂ ಒಂದು ಮರ್ಯಾದೆ ಇರಲಿ ಎಂದಿರಬೇಕು. ನನ್ನ ಅಕ್ಕ ನನಗಿಂತ ಮೊದಲೇ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕೈಕಾಲು ಹಿಡಿದುಕೊಳ್ಳಲು ಅಮ್ಮನಿಗೆ ನೆರವಾಗುತ್ತಿದ್ದಳು. ಕೆಲವರು ಹುಟ್ಟುವಾಗಲೇ ಸರ್ಕಾರದ ಪಕ್ಷದಲ್ಲಿ ಹುಟ್ಟುತ್ತಾರೆ.

ಬೆಂಗಳೂರಿನಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿದಾಗ ಅದೇ ಅಕ್ಕನ ಮನೆಯಲ್ಲಿ ಇರುವುದೆಂದು ಹಿರಿಯರು ತೀರ್ಮಾನಿಸಿದರು. ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ನಿವೇಶನಗಳ ಕಲ್ಲುಗಳೇ ಹೆಚ್ಚು. ಅಕ್ಕನ ಮನೆಯ ಬಾಗಿಲಲ್ಲಿ ಟ್ರಂಕು ಇಳಿಸಿದ ಕೂಡಲೇ ಒಳಗಿನಿಂದ ವಾಸನೆಯೊಂದು ಬಂತು. ಅದನ್ನು ನನಗಿಂತ ಮೊದಲು ನನ್ನ ಹೊಟ್ಟೆ ಗುರುತಿಸಿತು.

"ಯಾರಿಗೇ ಹುಷಾರಿಲ್ಲ?" ಎಂದು ಕೇಳಿದೆ.

"ನಿಮ್ ಭಾವನಿಗೆ," ಎಂದಳು ಅಕ್ಕ. "ತಲೇಲಿ."

ಭಾವ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೇಲ್ವಿಚಾರಕರು. ಅಳತೆಯ ಮನುಷ್ಯ. ಊಟಕ್ಕೆ ಕೂತರೆ ಹಪ್ಪಳದ ದಪ್ಪವನ್ನೂ ಕಣ್ಣಿನಲ್ಲೇ ಅಳೆಯುತ್ತಿದ್ದರು. ಅವರು ಹಜಾರದ ಮೂಲೆಯಲ್ಲಿ ಕೂತು, ಹೊಕ್ಕುಳುಬಳ್ಳಿ ಬಿದ್ದ ಕೂಸಿಗೆ ಎಣ್ಣೆ ಸವರುವಷ್ಟು ಭಕ್ತಿಯಿಂದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಲೋಹದ ವಸ್ತುವಿಗೆ ಎಣ್ಣೆ ಸವರುತ್ತಿದ್ದರು. ಅದೊಂದು ಎಂಜಿನ್ನು. ಆಟದ ವಿಮಾನಕ್ಕೆ ಹಾಕುವುದು. 'ಆಟದ' ಎಂಬ ಮಾತನ್ನು ಆ ಮನೆಯಲ್ಲಿ ನಾನು ಒಂದೇ ಸಲ ಬಳಸಿದೆ. ಭಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅದು ಪಂದ್ಯದ ವಿಮಾನ. ಆಟ ಆಡುವುದು ಮಕ್ಕಳು.

ಆ ಯಂತ್ರದ ಮಹಿಮೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ ನಾನು ಈಗಲೂ ನಿದ್ದೆಗಣ್ಣಿನಲ್ಲಿ ಒಪ್ಪಿಸಬಲ್ಲೆ. ಅದರ ನೆತ್ತಿಯ ಮೇಲೆ ಪುಟ್ಟದೊಂದು ಪ್ಲಗ್ಗು. ಅದರೊಳಗೆ ಕೂದಲಿನಂಥ ತಂತಿಯ ಸುರುಳಿ. ಬ್ಯಾಟರಿ ಮುಟ್ಟಿಸಿದರೆ ತಂತಿ ಕೆಂಪಗೆ ಕಾಯುತ್ತದೆ, ಮೂತಿಯ ಪಂಖ ತಿರುವಿದರೆ ಎಂಜಿನ್ನು ಹತ್ತಿಕೊಳ್ಳುತ್ತದೆ. ಆಮೇಲೆ ಬ್ಯಾಟರಿ ಕಿತ್ತುಕೊಂಡರೂ ತಂತಿ ತನ್ನ ಬಿಸಿಗೆ ತಾನೇ ಕಾದುಕೊಂಡಿರುತ್ತದೆ, ದಾಯಾದಿಗಳ ಸಿಟ್ಟಿನ ಹಾಗೆ. ಕಾರ್ಖಾನೆಯ ಅಧಿಕಾರಿಯೊಬ್ಬರು ಪರದೇಶದಲ್ಲಿ ತರಬೇತಿ ಮುಗಿಸಿ ಬರುವಾಗ ಅದನ್ನು ಕಾಲುಚೀಲದಲ್ಲಿ ಸುತ್ತಿ ತಂದಿದ್ದರು. ಅಂಥದ್ದು ಈ ದೇಶದಲ್ಲಿ ಆಗ ಬೇಕೆಂದರೂ ಸಿಗುತ್ತಿರಲಿಲ್ಲ.

"ಪಿಸ್ಟನ್ನಿಗೆ ರಿಂಗೇ ಇಲ್ಲ ಕಣಯ್ಯಾ," ಎನ್ನುತ್ತಿದ್ದರು ಭಾವ, ಜಗತ್ತಿನ ಎಂಟನೆಯ ಅದ್ಭುತವನ್ನು ಹೇಳುವವರ ಹಾಗೆ ದನಿ ತಗ್ಗಿಸಿ. "ಬರೀ ಬಿಗೀಲಿ ಓಡತ್ತೆ. ಪಿಸ್ಟನ್ನಿಗೂ ಸಿಲಿಂಡರಿಗೂ ಮಧ್ಯ ಹರಳೆಣ್ಣೆ ಒಂದೇ ನುಸುಳಬೇಕು, ಅದೂ ಪರ್ಮಿಷನ್ ಕೇಳ್ಕೊಂಡು. ಆ ಬಿಗೀಲೇ ಇದೆ ಅದರ ಜೀವ. ಬಿಗಿ ಹೋಯ್ತೋ, ಪೇಪರ್‌ವೆಯ್ಟು."

ಮನೆಗೆ ಬಂದವರಿಗೆಲ್ಲ ಕಾಫಿ ಆದ ಮೇಲೆ ಎಂಜಿನ್ನನ್ನು ಕೈಗೆ ಕೊಟ್ಟು, "ಪಂಖ ತಿರುಗಿಸಿ, ಬಿಗಿ ನೋಡಿ" ಎನ್ನುವುದು ಅವರ ಉಪಚಾರದ ಕ್ರಮ. ಬಂದವರು ತಿರುಗಿಸುತ್ತಿದ್ದರು. "ಬಿಗಿಯಾಗಿದೆ" ಎನ್ನುತ್ತಿದ್ದರು. ಬೆರಳಿಗೆ ಅಂಟಿದ ಹರಳೆಣ್ಣೆಯನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಕುರ್ಚಿಗೆ ಒರೆಸುತ್ತಿದ್ದರು. ಅಕ್ಕನ ಮನೆಯಲ್ಲಿ ಎಲ್ಲಿ ಕೂತರೂ ಅಂಟುತ್ತಿತ್ತು.

ಆ ಎಂಜಿನ್ನು ಸ್ಪಿರಿಟ್ಟನ್ನು ಉರಿಸುತ್ತದೆ. ಅದರಲ್ಲಿ ಬೆರೆಸಿದ ಹರಳೆಣ್ಣೆಯನ್ನು ಮಾತ್ರ ಉರಿಸುವುದಿಲ್ಲ, ಉಗುಳುತ್ತದೆ. ಇಷ್ಟು ಸೂಕ್ಷ್ಮ ಯಂತ್ರವನ್ನು ಕಂಡುಹಿಡಿದ ಮಹಾನುಭಾವರಿಗೆ ಉಗುಳಲು ಒಂದು ಪೀಕದಾನಿ ಕೊಡಬೇಕೆಂದು ಹೊಳೆಯಲಿಲ್ಲ. ಆ ಸ್ಥಾನಕ್ಕೆ ನಾನು ನೇಮಕವಾದೆ. ವಿಮಾನ ಹೊರಡುವ ಮೊದಲು ಒಬ್ಬ ಅದರ ಬಾಲ ಹಿಡಿದು ಕೂತಿರಬೇಕು. ಪಂಖದ ಗಾಳಿ, ಹೊಗೆ, ಬಿಸಿಬಿಸಿ ಎಣ್ಣೆಯ ತುಂತುರು ಎಲ್ಲವೂ ನೇರ ಅವನ ಮುಖಕ್ಕೆ. ವಿಮಾನ ಹಾರುವುದು ಉಕ್ಕಿನ ತಂತಿಗಳಿಗೆ ಕಟ್ಟಿಸಿಕೊಂಡು, ಸುತ್ತು ಸುತ್ತು. ಭಾವ ಆ ವೃತ್ತದ ನಡುವೆ ತಂತಿಗಳ ಹಿಡಿಕೆ ಹಿಡಿದು ಗಂಭೀರವಾಗಿ ನಿಂತಿರುತ್ತಿದ್ದರು. ಉಚಿತವಾಗಿ ಊಟ ಹಾಕುವ ಮನೆಯಲ್ಲಿ ಬಾಲ ಹಿಡಿಯುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಬಾಯಿ ತೆರೆದರೆ ಎಣ್ಣೆ ಬೇರೆ ಬೀಳುತ್ತಿತ್ತು.

ಆ ವಾಸನೆ ತಲೆಗೂದಲಿಗೆ ಹತ್ತಿದರೆ ಸೀಗೆಕಾಯಿಗೂ ಹೋಗದು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಕಿಟಕಿಯ ಹತ್ತಿರ ಜಾಗ ಕೇಳಿಕೊಂಡರು. ಬಸವನಗುಡಿಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಹುಡುಗಿಯ ತಂದೆ ಮೂಗರಳಿಸಿ, ಅಕ್ಕನನ್ನು ಬಾಗಿಲ ಮರೆಗೆ ಕರೆದು, "ಹುಡುಗನಿಗೆ ಹೊಟ್ಟೆ ತೊಂದರೆ ಏನಾದ್ರೂ ಉಂಟೇನಮ್ಮಾ? ಮುಚ್ಚಿಡಬೇಡಿ" ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ದಾರಿಯುದ್ದಕ್ಕೂ ಅಕ್ಕ ಭಾವನನ್ನು ಬೈದಳು. ಭಾವ ಪಂಖದ ಕೋನದ ಬಗ್ಗೆ ಯೋಚಿಸುತ್ತಿದ್ದರು.

ಈ ಯಜ್ಞ ನಡೆಯುತ್ತಿದ್ದುದು ಪುಟ್ಟೇನಹಳ್ಳಿಯ ಕೆರೆಯ ಮಗ್ಗುಲಿನ ಗೋಮಾಳದಲ್ಲಿ. ಭಾನುವಾರ ಬೆಳಗ್ಗೆ ಅಲ್ಲಿ ಸೇರುವವರು ಎಲ್ಲರೂ ಓದಿದವರು, ಸಂಸಾರಸ್ಥರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮರದ ಪೆಟ್ಟಿಗೆ, ಸೀಸೆ, ಎಣ್ಣೆ ಹೀರಿದ ಚಿಂದಿ. ಸ್ಮಶಾನದಲ್ಲಿ ಬೂದಿ ಆಯಲು ಬಂದವರ ಹಾಗೆ ಬಗ್ಗಿ, ಮಾತಿಲ್ಲದೆ, ಪ್ಲಗ್ಗು ನೋಡುವರು, ಊದುವರು, ಮತ್ತೆ ನೋಡುವರು. ಎಂಜಿನ್ನು ಹತ್ತಿಕೊಂಡಿತೋ, ಕಿವಿಯೊಳಗೆ ದಬ್ಬಣ ತಿರುವಿದಂಥ ಸದ್ದು. ಮೇಯುತ್ತಿದ್ದ ದನಗಳು ಬಾಲ ನಿಮಿರಿಸಿ ಬಿಳೇಕಹಳ್ಳಿಯ ದಿಕ್ಕಿಗೆ ಓಡುತ್ತಿದ್ದವು. ಅವುಗಳ ವಿವೇಕಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ದನಗಳ ಯಜಮಾನರು ಆ ಹಳ್ಳಿಯ ಗೌಡರು. ಮೊದಲ ಸಲ ಅವರು ಬೈಯಲು ಬಂದವರು ತಂತಿಗೆ ಕಟ್ಟಿದ ವಿಮಾನ ಗರಗರ ಸುತ್ತುವುದನ್ನು ನೋಡುತ್ತ ನಿಂತುಬಿಟ್ಟರು. ಎಂಜಿನ್ನು ನಿಂತ ಮೇಲೆ ನನ್ನ ಹತ್ತಿರ ಬಂದು ಗಾಳಿ ಮೂಸಿದರು.

"ಇದೇನ್ ಸಾಮಿ, ಹಳ್ಳೆಣ್ಣೆ ಅಲ್ವರಾ?"

"ಹೌದು ಗೌಡ್ರೇ."

"ಅಲ್ಲಾ ಸಾಮಿ, ನಾವು ಎತ್ತು ಕಟ್ಟಿ ಗಾಣ ಸುತ್ಸಿ ಎಣ್ಣೆ ತೆಗೀತೀವಿ. ನೀವು ಎಣ್ಣೆ ಹುಯ್ದು ಬರೀ ಗಾಣ ಸುತ್ತುಸ್ತೀರಲ್ಲಾ? ಕೊನೇಗೆ ಏನ್ ಬತ್ತದೆ?"

ನಾನು ಯೋಚಿಸಿದೆ. "ಒಂದು ಕಪ್ಪು," ಎಂದೆ.

"ಕಾಪೀನಾ?"

"ಅಲ್ಲ, ಹಿತ್ತಾಳೇದು."

ಗೌಡರು ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಅವರು ಪ್ರತಿ ಭಾನುವಾರವೂ ಬಂದು ಬದುವಿನ ಮೇಲೆ ಕೂರುತ್ತಿದ್ದರು.

ಆ ಹಿತ್ತಾಳೆಯ ಕಪ್ಪು ವರ್ಷಕ್ಕೊಮ್ಮೆ, ವಿಜಯದಶಮಿಯ ಬೆಳಗ್ಗೆ, ಎಲ್ಲರಿಗಿಂತ ಜೋರಾಗಿ ಹಾರಿಸಿದವರಿಗೆ. ಅದು ಹಲವು ವರ್ಷಗಳಿಂದ ಒಬ್ಬ ಹಲ್ಲಿನ ಡಾಕ್ಟರ ಮನೆಯ ಷೋಕೇಸಿನಲ್ಲಿ ವಾಸವಾಗಿತ್ತು. ಡಾಕ್ಟರು ಸದಾ ಬಿಳಿ ಪ್ಯಾಂಟು ಹಾಕಿಕೊಂಡು ಬರುತ್ತಿದ್ದರು, ಅದರ ಮೇಲೆ ಒಂದು ತೊಟ್ಟು ಎಣ್ಣೆಯೂ ಬೀಳುತ್ತಿರಲಿಲ್ಲ. ಇದನ್ನು ನಾನು ಅವರ ಬಗ್ಗೆ ಯಾರಾದರೂ ಮಾಡಬಹುದಾದ ಅತಿ ದೊಡ್ಡ ಆರೋಪವೆಂದು ಭಾವಿಸುತ್ತೇನೆ.

ಸಂಕಟ ಹುಟ್ಟಿದ್ದು ಇಡ್ಲಿಯಿಂದ. ಒಂದು ಮಳೆಗಾಲ ಎಂಜಿನ್ನು ಓಡದೆ ಕೂತು, ಹರಳೆಣ್ಣೆ ಒಳಗೇ ಗೋಂದಿನಂತೆ ಗಟ್ಟಿಯಾಗಿ, ಪಂಖ ಮಿಸುಕದಾಯಿತು. ಬಿಸಿ ಮಾಡಿದರೆ ಸಡಿಲವಾಗುತ್ತದೆ. ಎಲ್ಲ ಕಡೆಯಿಂದಲೂ ಒಂದೇ ಸಮ ಬಿಸಿಯಾಗಬೇಕಾದರೆ ಹಬೆಯೇ ಉತ್ತಮವೆಂದು ಟೂಲ್‌ರೂಮಿನ ಬುದ್ಧಿ ಹೇಳಿತು. ಅಕ್ಕ ದೇವಸ್ಥಾನಕ್ಕೆ ಹೋಗಿದ್ದಾಗ ಭಾವ ಅದನ್ನು ಇಡ್ಲಿ ಪಾತ್ರೆಯಲ್ಲಿ, ಇಡ್ಲಿಯ ತಟ್ಟೆಯ ಮೇಲೆ, ಬಟ್ಟೆ ಹಾಸಿ ಬೇಯಿಸಿದರು. ಸಡಿಲವಾಯಿತು. ಪಾತ್ರೆಯನ್ನು ತಾವೇ ತೊಳೆದರಂತೆ. ಮರುದಿನ ಅಕ್ಕನ ಅತ್ತೆಯ ಕಡೆಯ ನೆಂಟರು ಬಂದರು, ಆ ಪಾತ್ರೆಯ ಇಡ್ಲಿ ತಿಂದರು. ಸಾಯಂಕಾಲದವರೆಗೆ ಹಿತ್ತಿಲ ಬಾಗಿಲು ಹಾಕಲು ಪುರುಸೊತ್ತಾಗಲಿಲ್ಲ. ಇಡ್ಲಿಯೇ ಕಾರಣವೋ ಊಹೆಯೇ ಕಾರಣವೋ ನಾನು ಹೇಳಲಾರೆ. ವಾಸನೆ ಬಂದ ಮೇಲೆ ಹೊಟ್ಟೆ ವಿಚಾರಣೆಗೆ ಕಾಯುವುದಿಲ್ಲ.

ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದ ಅಕ್ಕ, ಹಜಾರದ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ನೋಡಿ, ಇವತ್ತೇ ಹೇಳ್ತಾ ಇದೀನಿ. ಈ ದಸರಾದಲ್ಲಿ ಆ ದರಿದ್ರದ ಕಪ್ ತಂದ್ರೋ, ನಿಮ್ ಭೇದಿ ಮಿಷನ್ನು ಈ ಮನೇಲಿರತ್ತೆ. ತರಲಿಲ್ವೋ, ಅದು ಆಚೆ."

"ಲೇ, ಅದು..."

"ಆಚೆ ಅಂದ್ರೆ ಆಚೆ. ನಿಮ್ಮನ್ನ ಹಾಕೋ ಹಾಗಿಲ್ಲ, ಅದಕ್ಕೆ ಅದನ್ನ ಹಾಕ್ತೀನಿ. ಆಣೆ ಇಡಿ."

ಭಾವ ಆಣೆ ಇಟ್ಟರು. ಅವರ ಮುಖ ನೋಡಿ ನನಗೂ, ನನ್ನ ಸಿದ್ಧಾಂತಕ್ಕೆ ವಿರುದ್ಧವಾಗಿ, ಒಂದಿಷ್ಟು ಸಂಕಟವಾಯಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಭಾವ ಕಾರ್ಖಾನೆಯಿಂದ ಬಂದೊಡನೆ ಮೊದಲು ಎತ್ತಿಕೊಳ್ಳುತ್ತಿದ್ದುದು ಅದನ್ನೇ. ಮರುಕ್ಷಣ ನನ್ನ ಕಾಲರಿನ ವಾಸನೆ ಮೂಗಿಗೆ ಬಂತು, ಸಂಕಟ ಹೋಯಿತು.

ಆಮೇಲೆ ಶುರುವಾದದ್ದು ತಪಸ್ಸು. ಭಾವ ಪಂಖಗಳನ್ನು ಕೆತ್ತಿದರು, ಬಿಸಾಕಿದರು, ಮತ್ತೆ ಕೆತ್ತಿದರು. ನಾನು ಬಾಲ ಹಿಡಿದೆ. ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಅದರ ಸದ್ದು ಎಂಥ ಸಣ್ಣ ದನಿಗೆ ಏರಿತೆಂದರೆ, ಕಿವಿ ಹಿಡಿದುಕೊಳ್ಳಬೇಕೋ ಹಲ್ಲು ಹಿಡಿದುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಹಲ್ಲಿನ ಡಾಕ್ಟರು ನಮ್ಮ ವಿಮಾನದ ಸುತ್ತುಗಳನ್ನು ಅಳೆದು ತಮ್ಮ ಗಡಿಯಾರ ನೋಡಿ, ಭಾವನ ಗಡಿಯಾರ ಇಸಿದುಕೊಂಡು ಅದನ್ನೂ ನೋಡಿ, ತಮ್ಮ ಪೆಟ್ಟಿಗೆ ಮುಚ್ಚಿದರು. ಭಾವ ಮನೆಗೆ ಬರುವಾಗ ದಾರಿಯಲ್ಲಿ ಹಾಡು ಗುನುಗಿದರು. ಕಪ್ಪು ಬಂದ ಹಾಗೆಯೇ ಆಯಿತು.

ಆಯುಧಪೂಜೆಯ ದಿನ ಭಾವ ಎದ್ದೊಡನೆ ಕಾರ್ಖಾನೆಗೆ ಹೋದರು. ಅಲ್ಲಿಯ ಲೇತುಗಳಿಗೆ ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚುವುದು ಅವರ ಮುಂದಾಳುತನದಲ್ಲಿ. ನನ್ನನ್ನು ಅಕ್ಕ ಹೂವು ತರಲು ಗಾಂಧಿಬಜಾರಿಗೆ ಅಟ್ಟಿದಳು. ಹಬ್ಬದ ನೂಕುನುಗ್ಗಲಿನಲ್ಲಿ ಸೇವಂತಿಗೆ ಮೊಳ ಹಾಕಿಸಿಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಡುಮನೆಯಲ್ಲಿ ಮಣೆ ಹಾಕಿ, ಹೊಲಿಗೆ ಮಿಷನ್ನು, ಈಳಿಗೆ ಮಣೆ, ಸುತ್ತಿಗೆ, ಕತ್ತರಿ ಎಲ್ಲ ಜೋಡಿಸಿಟ್ಟಿದ್ದಳು. ಅವುಗಳ ನಡುವೆ, ಅಗ್ರಪೂಜೆಯ ಸ್ಥಾನದಲ್ಲಿ, ಎಂಜಿನ್ನು.

ನನಗೆ ಮೊದಲು ಗುರುತೇ ಸಿಗಲಿಲ್ಲ. ವರ್ಷಗಳ ಸುಟ್ಟ ಎಣ್ಣೆ ಮೆತ್ತಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದ್ದ ಮೈ ಈಗ ಬೆಳ್ಳಿಯ ಹಾಗೆ ಫಳಫಳ.

"ಹೇಗಿದೆ?" ಎಂದಳು ಅಕ್ಕ. "ಅಷ್ಟು ಜಿಡ್ಡು ಇಟ್ಕೊಂಡು ದೇವರ ಮುಂದೆ ಕೂರ್ಸಕ್ಕಾಗತ್ತಾ? ನಾನೇ ಬೆಳಗಿದೆ."

"ಏನೇ ಇದು, ಭೇದಿ ಮಿಷನ್ನಿಗೆ ಇಷ್ಟು ಉಪಚಾರ?"

"ಸುಮ್ನಿರೋ. ನಾಳೆ ಪಂದ್ಯ. ಪಾಪ, ಅವರು ಎಷ್ಟು ಒದ್ದಾಡ್ತಿದಾರೆ. ನಂಗೇನು ಅವರು ಸೋಲ್ಲಿ ಅಂತಿದ್ಯಾ?"

ಹೇಗೆ ಬೆಳಗಿದೆ ಎಂದು ನಾನು ಕೇಳಲಿಲ್ಲ, ಸಂಜೆ ಬಂದ ಭಾವನೂ ಕೇಳಲಿಲ್ಲ. ಪಾತ್ರೆ ಬೆಳಗುವುದು ಹೇಗೆಂದು ಕೇಳುವ ಗಂಡಸು ಆ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ. ಭಾವ ಬಾಗಿಲಲ್ಲೇ ನಿಂತು ನೋಡಿದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಪಂಖಕ್ಕೆ ಸೇವಂತಿಗೆ ಸುತ್ತಿಸಿಕೊಂಡು, ದೀಪದ ಬೆಳಕಿನಲ್ಲಿ ಅದು ಉತ್ಸವಮೂರ್ತಿಯ ಹಾಗೆ ಕೂತಿತ್ತು. ಅವರ ಕೈ ಮುಂದೆ ಹೋಯಿತು.

"ಮುಟ್ಟಬೇಡಿ!" ಎಂದಳು ಅಕ್ಕ. "ಪೂಜೆಗೆ ಇಟ್ಟದ್ದನ್ನ ನಾಳೆ ಬೆಳಗ್ಗೆ ಕದಲಿಸೋವರ್ಗೂ ಮುಟ್ಟೋ ಹಾಗಿಲ್ಲ."

ಭಾವ ಕೈ ಹಿಂತೆಗೆದುಕೊಂಡರು. ಅಷ್ಟು ವರ್ಷಗಳಲ್ಲಿ ಹೆಂಡತಿ ಅದನ್ನು ಮೊದಲ ಸಲ ಮನೆಯ ವಸ್ತುವೆಂದು ಒಪ್ಪಿಕೊಂಡಿದ್ದಳು. ಅಂಥ ಹೊತ್ತಿನಲ್ಲಿ ಬಿಚ್ಚಿ ನೋಡುತ್ತೇನೆ ಎನ್ನುವವನು ಮೇಲ್ವಿಚಾರಕನಾಗಿರಬಹುದು, ಗಂಡನಾಗಿರಲಾರ.

ಬೆಳಗ್ಗೆ ಅಕ್ಕ ಆರತಿ ಮಾಡಿ, ಮಣೆಯನ್ನು ಒಂದಿಷ್ಟು ಉತ್ತರಕ್ಕೆ ಸರಿಸಿ, "ಈಗ ತಗೊಳ್ಳಿ" ಎಂದಳು. ಭಾವ ಹೂವು ಬಿಡಿಸಿ, ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟು ಪಂಖ ತಿರುವಿದರು. "ಇವತ್ತು ಎಂದಿಗಿಂತ ಬಿಗಿ ಕಣಯ್ಯಾ!" ಎಂದರು, ಕಣ್ಣರಳಿಸಿ. ಕುಂಕುಮ ಒರೆಸಲು ಅಕ್ಕ ಬಿಡಲಿಲ್ಲ. ಮಾತ್ರವಲ್ಲ, ಚಿತ್ರಾನ್ನ ಕಟ್ಟಿಕೊಂಡು, ರೇಷ್ಮೆ ಸೀರೆ ಉಟ್ಟು, ತಾನೂ ಹೊರಟಳು. ಅವಳು ಆ ಗೋಮಾಳಕ್ಕೆ ಬಂದದ್ದು ಅದೇ ಮೊದಲು.

ಗೌಡರು ಅಕ್ಕನಿಗೆ ಬದುವಿನ ಮೇಲೆ ತಮ್ಮ ಟವೆಲ್ಲು ಹಾಸಿಕೊಟ್ಟರು. ಹಲ್ಲಿನ ಡಾಕ್ಟರು ಆಗಲೇ ಹಾರಿಸಿ ಮುಗಿಸಿದ್ದರು. ಹೋದ ವರ್ಷಕ್ಕಿಂತ ನಿಧಾನ. ಅವರು ನಮ್ಮ ಎಂಜಿನ್ನಿನ ಕುಂಕುಮ ನೋಡಿ, "ಏನ್ ಸಾರ್, ದೇವರನ್ನೂ ಟೀಮಿಗೆ ಸೇರಿಸ್ಕೊಂಡುಬಿಟ್ರಾ?" ಎಂದು ಒಣನಗೆ ನಕ್ಕರು. ನಾನು ಬಾಲ ಹಿಡಿದು ಕೂತೆ. ಭಾವ ಪಂಖ ತಿರುವಿದರು. ಒಂದೇ ಏಟಿಗೆ ಹತ್ತಿಕೊಂಡಿತು. ಎಣ್ಣೆ ನನ್ನ ಮುಖಕ್ಕೆ ಬಂತು, ಆದರೆ ಅಂದು ಅದು ಬೂದುಬಣ್ಣದ್ದು. ನಾಲಗೆಗೆ ಮರಳು ಮರಳು. ಏನೋ ಎಂದುಕೊಳ್ಳುವಷ್ಟರಲ್ಲಿ ಭಾವ ವೃತ್ತದ ನಡುವಿಗೆ ಓಡಿ ಕೈಯೆತ್ತಿದರು. ಬಿಟ್ಟೆ.

ಮೊದಲ ಸುತ್ತಿನಲ್ಲಿ ಅದು ಹಿಂದೆಂದೂ ಕೂಗದ ಹಾಗೆ ಕೂಗಿತು. ಡಾಕ್ಟರ ನಗು ಹೋಯಿತು. ಅಕ್ಕ ಎದ್ದು ನಿಂತಳು. ಇನ್ನೊಂದು ಸುತ್ತಿಗೆ ದನಿ ಒಡೆಯಿತು. ಕೂಗು ಹೋಗಿ ಕಾಫಿಬೀಜ ಪುಡಿ ಮಾಡುವ ಸದ್ದು ಬಂತು, ಅದೂ ಕ್ಷೀಣಿಸಿತು. ಗಡಿಯಾರ ಹಿಡಿದವರು ಲೆಕ್ಕ ಶುರುಮಾಡುವ ಮೊದಲೇ ವಿಮಾನ ಸಪ್ಪೆಯಾಗಿ ಇಳಿದು, ಸಗಣಿಯ ಮೇಲೆ ಜಾರಿ, ನಿಂತಿತು.

ಭಾವ ಅಲ್ಲೇ ಮಂಡಿಯೂರಿ ಪಂಖ ತಿರುವಿದರು. ಅದು ಬಾವಿಯ ರಾಟೆಯ ಹಾಗೆ ಸರಾಗವಾಗಿ ತಿರುಗಿತು. ಬಿಗಿ ಇರಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಬೆರಳು ಹಾಕಿ ತೆಗೆದರು. ಬೂದುಬಣ್ಣದ ನುಣುಪಾದ ಕೆಸರು. ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಎಣ್ಣೆಯಲ್ಲಿ ಕಲ್ಲಿನ ಪುಡಿ ಕಲಸಿ ಲೋಹವನ್ನು ತೇಯುವುದು ಟೂಲ್‌ರೂಮಿನಲ್ಲಿ ಅವರ ದಿನನಿತ್ಯದ ಕಸುಬು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ಸೆರಗು ಹಿಡಿದುಕೊಂಡು ಓಡಿ ಬಂದಳು. "ಏನಾಯ್ತ್ರೀ? ಅಯ್ಯೋ, ನಾನು ಅಷ್ಟು ಚೆನ್ನಾಗಿ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಉಜ್ಜಿ, ಒಳಗೆ ಹೊರಗೆ ಎಲ್ಲಾ ತೊಳ್ದು, ಬಿಸಿಲಿಗಿಟ್ಟು ಒಣಗ್ಸಿದ್ನಲ್ರೀ!"

ಡಾಕ್ಟರು ಬಿಳಿ ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು, "ರಂಗೋಲಿ ಪುಡೀನಾ? ಅದ್ರಲ್ಲಿ ಹಲ್ಲು ಉಜ್ಜೋರಿಂದಲೇ ಕಣಮ್ಮಾ ನಮ್ಮನೆ ಒಲೆ ಉರೀತಿರೋದು," ಎಂದರು. ಅವರ ವಿಷಯದಲ್ಲಿ ನನಗಿದ್ದ ಅಸಹ್ಯ ಅಂದು ಹರಳೆಣ್ಣೆಯನ್ನೂ ಮೀರಿತು.

ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಗಂಡನ ಮುಖ ನೋಡಿದಳು. ಭಾವ ಆ ಎರಡು ಬೆರಳುಗಳನ್ನು ಚಿಂದಿಗೆ ಒರೆಸಿಕೊಂಡರು. ನಿಧಾನವಾಗಿ ಒರೆಸಿಕೊಂಡರು.

"ಏನಿಲ್ಲ ಕಣೇ. ಅದಕ್ಕೆ ವಯಸ್ಸಾಗಿತ್ತು."

"ನೋಡಿ, ಪೂಜೆ ಮಾಡಿದ್ದಕ್ಕೆ ಅಷ್ಟಾದ್ರೂ ಓಡ್ತು," ಎಂದಳು ಅಕ್ಕ.

"ಹೂಂ," ಎಂದರು ಭಾವ. "ಮೊದಲ್ನೇ ಸುತ್ತು ಭಾಳ ಚೆನ್ನಾಗಿತ್ತು."

ಗೌಡರು ಚಿತ್ರಾನ್ನದ ಪಾಲು ಕೈಯಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ ಬಂದು, "ಕಪ್ಪೂ ಇಲ್ವರಾ?" ಎಂದರು.

ಇಟ್ಟ ಆಣೆ ಆಣೆಯೇ. ಮರುದಿನ ಭಾವ ಕಾರ್ಖಾನೆಗೆ ಹೊರಡುವಾಗ ಎಂಜಿನ್ನನ್ನು ಅದೇ ಹಳೆಯ ಕಾಲುಚೀಲದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅಲ್ಲಿಯ ಗುಜರಿ ತೊಟ್ಟಿಗೆ ಹಾಕಿ ಬರುತ್ತೇನೆ ಎಂದರು. ದನಿಯಲ್ಲಿ ಏರಿಳಿತವಿರಲಿಲ್ಲ, ಆದರೆ ಚಪ್ಪಲಿ ಮೆಟ್ಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಕ್ಕ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಗುಜರಿಗೆ? ಬುದ್ಧಿ ನೆಟ್ಟಗಿದ್ಯಾ ನಿಮಗೆ? ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದ್ದನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

"ಆಣೆ ಇಟ್ಟಿದೀನಲ್ಲೇ."

"ನಾನು ಹೇಳಿದ್ದು ಭೇದಿ ಮಿಷನ್ನಿಗೆ. ಪೂಜೆಗೆ ಇಟ್ಟದ್ದಕ್ಕಲ್ಲ. ತನ್ನಿ ಇಲ್ಲಿ."

ಕಿತ್ತುಕೊಂಡು ಹೋಗಿ ದೇವರ ಗೂಡಿನಲ್ಲಿ, ಗಂಗಾಜಲದ ಥಾಲಿಯ ಪಕ್ಕದಲ್ಲಿ ಇಟ್ಟಳು. ಭಾವ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ, ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಗುವಿಗೂ ಅಳುವಿಗೂ ನಡುವೆ ಇದ್ದ ಸಂದು ಎಷ್ಟು ಕಿರಿದೆಂದರೆ, ಹರಳೆಣ್ಣೆಯೂ ನುಸುಳುವಂತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮತ್ತೊಬ್ಬ ಅಧಿಕಾರಿ ಮತ್ತೊಂದು ಕಾಲುಚೀಲ ತಂದರು. ದೇವರ ಗೂಡಿನಲ್ಲೇ ಒಂದನ್ನು ಇಟ್ಟುಕೊಂಡ ಅಕ್ಕ ಹಜಾರದಲ್ಲಿ ಇನ್ನೊಂದಿದ್ದರೆ ಏನೆಂದು ಬೈದಾಳು? ಈ ಹೊಸದನ್ನು ಮಾತ್ರ ಭಾವ ನವರಾತ್ರಿಯ ಒಂಬತ್ತು ದಿನವೂ ಕಾರ್ಖಾನೆಯ ತಮ್ಮ ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಅಲ್ಲಿಯೂ ಆಯುಧಪೂಜೆ ಉಂಟಲ್ಲ ಎಂದು ಅಕ್ಕ ಕೇಳಿದ್ದಕ್ಕೆ, ಅಲ್ಲಿ ಹೊರಗಿನಿಂದಲೇ ಹೂವು ಹಾಕುತ್ತಾರೆ ಎಂದರು.

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಅಕ್ಕ ಹಿತ್ತಿಲಿಗೆ ನನ್ನನ್ನು ಕರೆದಳು. ಮುಂದೆ ಹುಣಸೆಹಣ್ಣು, ರಂಗೋಲಿ ಪುಡಿ, ಕಾಲುದೀಪಗಳು, ಹಳೆಯ ಎಂಜಿನ್ನು. ತುಕ್ಕು ಹಿಡಿಯದಿರಲಿ ಎಂದು ಅವಳು ವರ್ಷವಿಡೀ ಶುಕ್ರವಾರ ಶುಕ್ರವಾರ ಅದಕ್ಕೆ ದೇವರ ದೀಪದ ಪಾಲಿನಿಂದ ಎರೆಯುತ್ತಿದ್ದುದು ಹರಳೆಣ್ಣೆ. ಬಿಸಿಲಿಗೆ ಇಟ್ಟಿದ್ದರಿಂದ ಅದು ಚೆನ್ನಾಗಿಯೇ ನಾರುತ್ತಿತ್ತು.

"ಉಜ್ಜೋವಾಗ ಜಾರತ್ತೆ ಕಣೋ," ಎಂದಳು. "ಗಟ್ಟಿಯಾಗಿ ಹಿಡ್ಕೊ."

ಹಿಡಿದುಕೊಂಡೆ.